ಚಲಿಸುವ ನೆರಳು: ಫ್ಲೂರೊಸ್ಕೋಪ್ ಯಂತ್ರದ ಪರಿಚಯ

ಎಕ್ಸ್-ರೇ ಚಿತ್ರವನ್ನು ಕಾಣದವರು ನಮ್ಮ ಪಟ್ಟಣಗಳಲ್ಲಿ ಈಗ ಬಹಳ ಮಂದಿ ಇರಲಾರರು. ಮಗು ಬಿದ್ದು ಕೈ ಮುರಿದುಕೊಂಡರೆ, ಮುದುಕರಿಗೆ ಕೆಮ್ಮು ಬಿಡದೆ ಕಾಡಿದರೆ, ವೈದ್ಯರು ಮೊದಲು ಕೇಳುವುದು ಅದನ್ನೇ. ಆದರೆ ಆ ಚಿತ್ರಕ್ಕೆ ಒಂದು ಕೊರತೆಯುಂಟು. ಅದು ಒಂದು ಕ್ಷಣದ ಸಾಕ್ಷಿ. ಅದರ ಹಿಂದಣ ಕ್ಷಣವನ್ನಾಗಲಿ ಮುಂದಣ ಕ್ಷಣವನ್ನಾಗಲಿ ಅದು ಹೇಳಲಾರದು. ದೇಹವಾದರೋ ಒಂದು ಗಳಿಗೆಯೂ ಸುಮ್ಮನಿರುವ ವಸ್ತುವಲ್ಲ. ಗುಂಡಿಗೆ ಮಿಡಿಯುತ್ತದೆ, ವಪೆ ಏರಿಳಿಯುತ್ತದೆ, ನುಂಗಿದ ತುತ್ತು ಅನ್ನನಾಳದಲ್ಲಿ ಅಲೆಯಲೆಯಾಗಿ ಕೆಳಗಿಳಿಯುತ್ತದೆ. ತುತ್ತು ಎಲ್ಲಿ ತಡೆಯುತ್ತಿದೆ, ರಕ್ತನಾಳದೊಳಕ್ಕೆ ತೂರಿಸಿದ ತಂತಿ ಈಗ ಯಾವ ಕವಲಿನಲ್ಲಿದೆ ಎಂಬ ಪ್ರಶ್ನೆಗಳಿಗೆ ನಿಂತ ಚಿತ್ರದಿಂದ ಉತ್ತರ ದೊರೆಯದು. ನಡೆಯುತ್ತಿರುವುದನ್ನು ನಡೆಯುತ್ತಿರುವಾಗಲೇ ಕಾಣಬೇಕು. ಹಾಗೆ ಕಾಣಿಸುವ ಯಂತ್ರಕ್ಕೆ ಫ್ಲೂರೊಸ್ಕೋಪ್ ಎಂದು ಹೆಸರು.

ನಾವು ವೈದ್ಯರಲ್ಲ, ಭೌತಶಾಸ್ತ್ರವನ್ನು ಬೋಧಿಸುವವರು. ಆದಕಾರಣ ರೋಗಗಳ ವಿಚಾರವನ್ನು ಬಲ್ಲವರಿಗೆ ಬಿಟ್ಟು, ಈ ಯಂತ್ರದ ಅಂಗಗಳಾವುವು, ಅವು ಹೇಗೆ ಕೆಲಸ ಮಾಡುತ್ತವೆ, ಏಕೆ ಹಾಗೆ ರೂಪುಗೊಂಡವು ಎಂಬುದನ್ನಷ್ಟೇ ಹೇಳುತ್ತೇವೆ. ಮೊದಲಿಗೇ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲವೂ ತಾನಾಗಿ ತಿಳಿಯುತ್ತದೆ. ಚಲನೆಯನ್ನು ಕಾಣಬೇಕಾದರೆ ಕಿರಣಗಳನ್ನು ದೇಹದ ಮೂಲಕ ಹರಿಯಬಿಡುತ್ತಲೇ ಇರಬೇಕು. ಹರಿದ ಪ್ರತಿಯೊಂದು ಗಳಿಗೆಗೂ ದೇಹವು ಬೆಲೆಯನ್ನು ತೆರಬೇಕು. ಫ್ಲೂರೊಸ್ಕೋಪಿನ ನೂರ ಮೂವತ್ತು ವರ್ಷಗಳ ಇತಿಹಾಸವೆಲ್ಲವೂ ಆ ಬೆಲೆಯನ್ನು ತಗ್ಗಿಸುವ ಪ್ರಯತ್ನದ ಇತಿಹಾಸವೇ ಆಗಿದೆ.

ಯಂತ್ರದ ಮೂಲತತ್ತ್ವವನ್ನು ತಿಳಿಯಲು ನಮ್ಮ ತೊಗಲುಗೊಂಬೆಯ ಆಟಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಅಲ್ಲಿ ಮೂರು ವಸ್ತುಗಳುಂಟು: ಹಿಂದೆ ಒಂದು ದೀಪ, ನಡುವೆ ಗೊಂಬೆ, ಮುಂದೆ ಬಿಳಿಯ ತೆರೆ. ಗೊಂಬೆ ಕುಣಿದರೆ ನೆರಳೂ ಕುಣಿಯುತ್ತದೆ. ಫ್ಲೂರೊಸ್ಕೋಪಿನಲ್ಲಿಯೂ ಇರುವುವು ಈ ಮೂರೇ. ದೀಪದ ಸ್ಥಾನದಲ್ಲಿ ಕ್ಷ-ಕಿರಣಗಳನ್ನು ಹೊರಡಿಸುವ ನಳಿಗೆ. ಗೊಂಬೆಯ ಸ್ಥಾನದಲ್ಲಿ ರೋಗಿಯ ದೇಹ. ತೆರೆಯ ಸ್ಥಾನದಲ್ಲಿ, ಕ್ಷ-ಕಿರಣ ತಗಲಿದರೆ ತಾನೇ ಬೆಳಗುವಂತಹ ಒಂದು ಫಲಕ. ನಮ್ಮ ಕಣ್ಣಿಗೆ ಕ್ಷ-ಕಿರಣವು ಕಾಣದು. ಆದುದರಿಂದ ಅದನ್ನು ಕಾಣುವ ಬೆಳಕನ್ನಾಗಿ ಮಾರ್ಪಡಿಸಿ ಕೊಡುವ ಮಧ್ಯಸ್ಥ ಬೇಕು. ಕೆಲವು ಲವಣಗಳಿಗೆ ಈ ಗುಣವುಂಟು. ಅದಕ್ಕೆ ಪ್ರತಿದೀಪ್ತಿ ಎಂದು ಹೆಸರು, ಇಂಗ್ಲಿಷಿನಲ್ಲಿ ಫ್ಲೂರೆಸೆನ್ಸ್. ಯಂತ್ರದ ಹೆಸರು ಹುಟ್ಟಿದುದು ಇದರಿಂದಲೇ.

ಫೋಟೋ ಫಲಕವೇ ಮೊದಲು, ಬೆಳಗುವ ತೆರೆ ಆಮೇಲೆ ಎಂದು ಅನೇಕರು ಭಾವಿಸಿರುವುದುಂಟು. ನಿಜವಾಗಿ ಆದುದು ಅದಕ್ಕೆ ವಿಪರ್ಯಯ. ೧೮೯೫ನೆಯ ನವೆಂಬರ್ ೮ರ ಸಂಜೆ ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ಪ್ರೊಫೆಸರ್ ರಂಟ್‌ಗೆನ್ ಅವರು ಕಪ್ಪು ರಟ್ಟಿನಿಂದ ಮುಚ್ಚಿದ ವಿದ್ಯುನ್ನಳಿಗೆಯೊಂದನ್ನು ನಡೆಸುತ್ತಿದ್ದಾಗ, ಕತ್ತಲೆಯ ಕೋಣೆಯಲ್ಲಿ ದೂರವಿದ್ದ ಒಂದು ತೆರೆ ಹೊಳೆಯಿತು. ಅದಕ್ಕೆ ಬೇರಿಯಂ ಪ್ಲಾಟಿನೋಸೈನೈಡ್ ಎಂಬ ಲವಣವನ್ನು ಬಳಿದಿತ್ತು. ನಳಿಗೆಗೂ ತೆರೆಗೂ ನಡುವೆ ಕೈಯನ್ನು ಹಿಡಿದಾಗ ಅದರ ಮೂಳೆಗಳ ನೆರಳು ಕಂಡಿತು. ಪತ್ನಿಯ ಕೈಯ ಪ್ರಸಿದ್ಧ ಛಾಯಾಚಿತ್ರವನ್ನು ಅವರು ತೆಗೆದುದು ಡಿಸೆಂಬರ್ ೨೨ರಂದು. ಎಂದರೆ ಮನುಷ್ಯನು ತನ್ನೊಳಗನ್ನು ಮೊದಲು ಕಂಡುದು ಚಲಿಸುವ ನೆರಳಿನಲ್ಲಿ. ನಿಂತ ಚಿತ್ರ ಬಂದುದು ಆನಂತರ.

ಇನ್ನು ದೀಪದ ವಿಚಾರ. ಈಗಿನ ಕ್ಷ-ಕಿರಣದ ನಳಿಗೆಯು ಗಾಳಿಯನ್ನು ತೆಗೆದು ಮುಚ್ಚಿದ ಒಂದು ಪಾತ್ರೆ. ಅದರ ಒಂದು ಕಡೆ ಟಂಗ್‌ಸ್ಟನ್ ಲೋಹದ ಸಣ್ಣ ಸುರುಳಿಯಿದೆ. ಹಳೆಯ ವಿದ್ಯುದ್ದೀಪದ ಬುರುಡೆಯಲ್ಲಿದ್ದ ತಂತಿಯಂತಹುದೇ ಅದು. ಸುರುಳಿಯು ಕೆಂಪಗೆ ಕಾದಾಗ ಅದರಿಂದ ಎಲೆಕ್ಟ್ರಾನುಗಳು ಹೊರಹೊಮ್ಮುತ್ತವೆ. ಎದುರು ಕಡೆಯಲ್ಲಿ ಟಂಗ್‌ಸ್ಟನ್ ಮುಖವುಳ್ಳ ಒಂದು ಬಿಲ್ಲೆ ಇದೆ. ಇವೆರಡರ ನಡುವೆ ಸುಮಾರು ೬೦,೦೦೦ದಿಂದ ೧,೨೦,೦೦೦ ವೋಲ್ಟುಗಳ ಒತ್ತಡವನ್ನು ಕೊಟ್ಟರೆ ಎಲೆಕ್ಟ್ರಾನುಗಳು ಮಹಾವೇಗದಿಂದ ಹಾರಿ ಬಿಲ್ಲೆಗೆ ಅಪ್ಪಳಿಸುತ್ತವೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ ೨೩೦ ವೋಲ್ಟ್ ಎಂಬುದನ್ನು ನೆನೆದರೆ ಇದರ ಬಲವನ್ನು ಊಹಿಸಬಹುದು. ಅಪ್ಪಳಿಸಿದ ಶಕ್ತಿಯಲ್ಲಿ ಕ್ಷ-ಕಿರಣವಾಗುವುದು ನೂರಕ್ಕೆ ಸುಮಾರು ಒಂದು ಪಾಲು ಮಾತ್ರ. ಉಳಿದ ತೊಂಬತ್ತೊಂಬತ್ತು ಪಾಲು ಬರಿಯ ಶಾಖವಾಗಿ ಹೋಗುತ್ತದೆ. ಒಂದೇ ಚುಕ್ಕೆಗೆ ಆ ಶಾಖವೆಲ್ಲ ಬಿದ್ದರೆ ಲೋಹವು ಕರಗಿ ಹೋದೀತು. ಆದುದರಿಂದಲೇ ಬಿಲ್ಲೆಯನ್ನು ಕುಂಬಾರನ ಚಕ್ರದಂತೆ ರಭಸದಿಂದ ತಿರುಗಿಸುತ್ತಾರೆ. ಪೆಟ್ಟು ಬೀಳುವ ಜಾಗ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಕಾದ ಸುರುಳಿಯ ಈ ನಳಿಗೆಯನ್ನು ೧೯೧೩ರಲ್ಲಿ ರೂಪಿಸಿದವರು ಅಮೆರಿಕದ ವಿಲಿಯಂ ಕೂಲಿಡ್ಜ್. ಅದಕ್ಕೆ ಮೊದಲಿನ ನಳಿಗೆಗಳಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಅನಿಲವನ್ನೇ ನಂಬಬೇಕಾಗಿತ್ತು. ಅವು ಇಂದು ಇದ್ದಂತೆ ನಾಳೆ ಇರುತ್ತಿರಲಿಲ್ಲ. ಕೂಲಿಡ್ಜರ ನಳಿಗೆಯಲ್ಲಿ ಸುರುಳಿಯ ಕಾವಿನಿಂದ ಕಿರಣದ ಮೊತ್ತವನ್ನೂ, ವೋಲ್ಟಿನಿಂದ ಅದರ ತೂರುವ ಬಲವನ್ನೂ ಬೇರೆ ಬೇರೆಯಾಗಿ ಹದಗೊಳಿಸಲು ಸಾಧ್ಯವಾಯಿತು.

ದೇಹವು ನೆರಳನ್ನು ಬೀಳಿಸುವುದು ಹೇಗೆ? ಕ್ಷ-ಕಿರಣಗಳನ್ನು ತಡೆಯುವ ಶಕ್ತಿ ವಸ್ತುವಿನ ದಪ್ಪ, ಸಾಂದ್ರತೆಗಳನ್ನೂ, ಅದರ ಪರಮಾಣುಗಳ ಭಾರವನ್ನೂ ಅವಲಂಬಿಸಿದೆ. ಮೂಳೆಯಲ್ಲಿ ಸುಣ್ಣದ ಅಂಶವಿರುವುದರಿಂದ ಅದು ಕಿರಣವನ್ನು ಬಲವಾಗಿ ತಡೆಯುತ್ತದೆ. ಗಾಳಿ ತುಂಬಿದ ಶ್ವಾಸಕೋಶವು ಸಲೀಸಾಗಿ ಬಿಟ್ಟುಕೊಡುತ್ತದೆ. ಹೊಟ್ಟೆ, ಕರುಳು, ರಕ್ತ ಇವೆಲ್ಲವೂ ಕಿರಣದ ಪಾಲಿಗೆ ಹೆಚ್ಚುಕಡಿಮೆ ನೀರಿನಂತೆಯೇ ಆದುದರಿಂದ ಒಂದರಿಂದ ಒಂದನ್ನು ಬೇರ್ಪಡಿಸಿ ನೋಡುವುದು ಕಷ್ಟ. ಆಗ ಒಂದು ಉಪಾಯವನ್ನು ಹೂಡಬೇಕು. ಅನ್ನಮಾರ್ಗವನ್ನು ನೋಡಬೇಕಾದರೆ ಬೇರಿಯಂ ಸಲ್ಫೇಟನ್ನು ನೀರಿನಲ್ಲಿ ಕದಡಿ ಗಂಜಿಯಂತೆ ಕುಡಿಸುತ್ತಾರೆ. ರಕ್ತನಾಳವನ್ನು ನೋಡಬೇಕಾದರೆ ಅಯೋಡಿನ್ ಕೂಡಿದ ದ್ರವವನ್ನು ಚುಚ್ಚಿ ಹಾಯಿಸುತ್ತಾರೆ. ಎರಡೂ ಭಾರವಾದ ಪರಮಾಣುಗಳು. ಅವು ಹೋದ ದಾರಿಯೆಲ್ಲ ಕಪ್ಪು ನೆರಳಾಗಿ ಮೂಡುತ್ತದೆ. ಈ ಉಪಾಯದ ಮೊದಲಿಗರಲ್ಲಿ ಒಬ್ಬರು ವಾಲ್ಟರ್ ಕ್ಯಾನನ್. ಹಾರ್ವರ್ಡಿನಲ್ಲಿ ಇನ್ನೂ ವೈದ್ಯವಿದ್ಯಾರ್ಥಿಯಾಗಿದ್ದಾಗ, ೧೮೯೬ರ ಕೊನೆಯಲ್ಲಿ, ಅವರು ಪ್ರಾಣಿಗಳಿಗೆ ಬಿಸ್ಮತ್ ಬೆರೆಸಿದ ಆಹಾರವನ್ನು ತಿನ್ನಿಸಿ ಬೆಳಗುವ ತೆರೆಯ ಮೇಲೆ ಅದರ ಪಯಣವನ್ನು ನೋಡತೊಡಗಿದರು. ಬೆಕ್ಕೊಂದು ಗಾಬರಿಗೊಂಡೊಡನೆ ಅದರ ಜಠರದ ಅಲೆಗಳು ನಿಂತುಹೋಗುವುದನ್ನು ಅವರು ಕಂಡರು. ಭಯ, ಕೋಪಗಳು ದೇಹದೊಳಗೆ ಏನು ಮಾಡುತ್ತವೆ ಎಂಬ ಅವರ ಮುಂದಿನ ಸಂಶೋಧನೆಗಳಿಗೆ ಈ ನೋಟವೇ ಬೀಜವಾಯಿತು. ನಿಂತ ಚಿತ್ರದಲ್ಲಿ ಇಂತಹುದು ಎಂದಿಗೂ ಕಾಣುತ್ತಿರಲಿಲ್ಲ.

ಈಗ ಮೂರನೆಯ ಅಂಗವಾದ ತೆರೆಗೆ ಬರೋಣ. ಈ ಯಂತ್ರದ ಕಷ್ಟಗಳೆಲ್ಲವೂ ಇಲ್ಲಿಯೇ ನೆಲಸಿದ್ದುವು. ೧೮೯೬ರಲ್ಲಿ ಥಾಮಸ್ ಎಡಿಸನ್ ಅವರು ಅನೇಕ ಲವಣಗಳನ್ನು ಪರೀಕ್ಷಿಸಿ ಕ್ಯಾಲ್ಸಿಯಂ ಟಂಗ್‌ಸ್ಟೇಟನ್ನು ಆರಿಸಿಕೊಂಡು, ಕಣ್ಣಿಗೆ ಒತ್ತಿ ಹಿಡಿಯಬಹುದಾದ ಕತ್ತಲೆಯ ಪೆಟ್ಟಿಗೆಯೊಂದನ್ನು ಮಾಡಿದರು. ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ ತೆರೆ ಇರುತ್ತಿತ್ತು. ಆದರೆ ತೆರೆಯ ಬೆಳಕು ಬಹಳ ಮಂದ. ಕಣ್ಣಿನ ಒಳಪರದೆಯಲ್ಲಿ ಎರಡು ಬಗೆಯ ಕೋಶಗಳುಂಟು. ಹಗಲಿನಲ್ಲಿ ಕೆಲಸ ಮಾಡುವ ಶಂಕುವಿನಾಕಾರದ ಕೋಶಗಳು ಸೂಕ್ಷ್ಮವಾದ ಅಂಚುಗಳನ್ನೂ ಬಣ್ಣಗಳನ್ನೂ ಗುರುತಿಸುತ್ತವೆ. ಕತ್ತಲೆಯಲ್ಲಿ ಕೆಲಸ ಮಾಡುವ ದಂಡದಾಕಾರದ ಕೋಶಗಳಿಗೆ ಅಲ್ಪ ಬೆಳಕೂ ಸಾಕು. ಆದರೆ ಅವುಗಳ ನೋಟ ಒರಟು. ಬೆಳದಿಂಗಳಿನಲ್ಲಿ ಮರವನ್ನೂ ಮನುಷ್ಯನನ್ನೂ ಬೇರೆ ಬೇರೆಯಾಗಿ ಗುರುತಿಸುತ್ತೇವೆ. ಪತ್ರಿಕೆಯ ಅಕ್ಷರವನ್ನು ಓದಲಾರೆವು. ಹಳೆಯ ವೈದ್ಯರು ದೇಹವನ್ನು ನೋಡುತ್ತಿದ್ದುದು ಬೆಳದಿಂಗಳಿನ ಈ ಕಣ್ಣಿನಿಂದಲೇ. ಅದು ಎಚ್ಚರವಾಗಬೇಕಾದರೂ ಇಪ್ಪತ್ತು ಮೂವತ್ತು ನಿಮಿಷ ಕತ್ತಲೆಯಲ್ಲಿ ಕುಳಿತಿರಬೇಕು. ನಡುವೆ ಯಾರಾದರೂ ಬಾಗಿಲನ್ನು ತೆರೆದರೆ ಕುಳಿತದ್ದೆಲ್ಲ ವ್ಯರ್ಥ. ೧೯೧೬ರಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಅವರು ಇದಕ್ಕೆ ಒಂದು ಪರಿಹಾರವನ್ನು ಸೂಚಿಸಿದರು: ಕೆಂಪು ಗಾಜಿನ ಕನ್ನಡಕ. ದಂಡಕೋಶಗಳಿಗೆ ಕೆಂಪು ಬೆಳಕು ಬಹುಮಟ್ಟಿಗೆ ತಾಗುವುದೇ ಇಲ್ಲ. ಆದುದರಿಂದ ಅದನ್ನು ಧರಿಸಿದ ವೈದ್ಯನು ಬೆಳಕಿನಲ್ಲಿ ಓಡಾಡುತ್ತಿದ್ದರೂ ಅವನ ಇರುಳಿನ ಕಣ್ಣು ಸಿದ್ಧವಾಗುತ್ತಲೇ ಇರುತ್ತದೆ.

ತೆರೆಯ ಬೆಳಕು ಸಾಲದೆಂದರೆ ಕಿರಣವನ್ನು ಹೆಚ್ಚಿಸಬಹುದಲ್ಲವೇ ಎಂದು ಕೇಳಬಹುದು. ಹೆಚ್ಚಿಸಿದವರೂ, ಗಂಟೆಗಟ್ಟಲೆ ನೋಡಿದವರೂ ತೆತ್ತ ಬೆಲೆಯನ್ನು ಇಲ್ಲಿ ಹೇಳಲೇಬೇಕು. ಎಡಿಸನ್ ಅವರ ಪ್ರಯೋಗಶಾಲೆಯಲ್ಲಿ ಕ್ಲಾರೆನ್ಸ್ ಡಾಲಿ ಎಂಬ ಸಹಾಯಕರಿದ್ದರು. ನಳಿಗೆಗಳನ್ನು ಪರೀಕ್ಷಿಸುವಾಗ ತಮ್ಮ ಕೈಯನ್ನೇ ಕಿರಣದ ಮುಂದೆ ಹಿಡಿದು ನೋಡುವುದು ಅವರ ನಿತ್ಯದ ಕೆಲಸವಾಗಿತ್ತು. ಕೈಗಳಲ್ಲಿ ಹುಣ್ಣಾಯಿತು, ಹುಣ್ಣು ಅರ್ಬುದವಾಯಿತು, ಒಂದಾದಮೇಲೊಂದರಂತೆ ಎರಡು ತೋಳುಗಳನ್ನೂ ಕತ್ತರಿಸಬೇಕಾಯಿತು. ೧೯೦೪ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಎಡಿಸನ್ ಅವರು ಕ್ಷ-ಕಿರಣದ ಕೆಲಸವನ್ನೇ ಕೈಬಿಟ್ಟರು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ೧೯೩೬ರಲ್ಲಿ ಒಂದು ಸ್ಮಾರಕಶಿಲೆಯನ್ನು ನಿಲ್ಲಿಸಿದರು. ಈ ವಿದ್ಯೆಗಾಗಿ ಪ್ರಾಣವನ್ನು ತೆತ್ತ ೧೬೯ ಮಂದಿಯ ಹೆಸರುಗಳನ್ನು ಅದರ ಮೇಲೆ ಕೆತ್ತಲಾಗಿತ್ತು. ಮುಂದಿನ ವರ್ಷಗಳಲ್ಲಿ ಪಟ್ಟಿ ಇನ್ನೂ ಬೆಳೆಯಿತು.

ತಿಳಿದು ಸೇವೆಮಾಡಿದವರ ಕಥೆ ಇದು. ತಿಳಿಯದೆ ಒಳಗಾದವರ ಕಥೆ ಬೇರೆ ಇದೆ. ಕ್ಷಯಕ್ಕೆ ತಕ್ಕ ಔಷಧಿಗಳು ಬರುವುದಕ್ಕೆ ಮುಂಚೆ ರೋಗಿಯ ಎದೆಯೊಳಕ್ಕೆ ಗಾಳಿಯನ್ನು ತುಂಬಿ ಶ್ವಾಸಕೋಶವನ್ನು ಕುಗ್ಗಿಸುವ ಚಿಕಿತ್ಸೆಯೊಂದಿತ್ತು. ಗಾಳಿಯನ್ನು ಮತ್ತೆ ಮತ್ತೆ ತುಂಬಬೇಕು; ಪ್ರತಿಸಲವೂ ಫ್ಲೂರೊಸ್ಕೋಪಿನಲ್ಲಿ ನೋಡಬೇಕು. ಅನೇಕ ತರುಣಿಯರು ಹೀಗೆ ವರ್ಷಗಟ್ಟಲೆ ತೆರೆಯ ಮುಂದೆ ನಿಂತರು. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತದಲ್ಲಿ ಇಯನ್ ಮೆಕೆಂಜಿ ಅವರು ವಿಚಾರಿಸಿ ೧೯೬೫ರಲ್ಲಿ ಪ್ರಕಟಿಸಿದುದೇನೆಂದರೆ, ಹಾಗೆ ನೋಡಲ್ಪಟ್ಟ ಸ್ತ್ರೀಯರಲ್ಲಿ ಸ್ತನದ ಅರ್ಬುದವು ಉಳಿದವರಿಗಿಂತ ಬಹಳ ಹೆಚ್ಚಾಗಿ ಕಾಣಿಸಿಕೊಂಡಿತ್ತು. ಅಂದಿನ ವೈದ್ಯರು ಕ್ಷಯದಿಂದ ಬದುಕಿಸಲು ಯತ್ನಿಸಿದರು; ಅದರಲ್ಲಿ ಸಂದೇಹವಿಲ್ಲ. ಆದರೆ ಕಿರಣದ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಇನ್ನು ಅಮೆರಿಕ, ಇಂಗ್ಲೆಂಡುಗಳ ಪಾದರಕ್ಷೆಯ ಅಂಗಡಿಗಳಲ್ಲಿ ಮಕ್ಕಳ ಕಾಲು ಬೂಟಿನೊಳಗೆ ಸರಿಯಾಗಿ ಕೂತಿದೆಯೇ ಎಂದು ತೋರಿಸಲು ಇದೇ ಯಂತ್ರವನ್ನು ಇಟ್ಟಿದ್ದರೆಂದರೆ ಇಂದು ನಂಬುವುದು ಕಷ್ಟ. ಅಮೆರಿಕದ ಸಂಸ್ಥಾನಗಳಲ್ಲಿ ಅದನ್ನು ಮೊದಲು ನಿಷೇಧಿಸಿದುದು ಪೆನ್ಸಿಲ್ವೇನಿಯ, ೧೯೫೭ರಲ್ಲಿ.

ಹೀಗೆ, ಕಿರಣವನ್ನು ಹೆಚ್ಚಿಸದೆ ಬೆಳಕನ್ನು ಹೆಚ್ಚಿಸುವುದು ಹೇಗೆ ಎಂಬುದೇ ಮುಖ್ಯ ಪ್ರಶ್ನೆಯಾಯಿತು. ೧೯೪೧ರಲ್ಲಿ ಅಮೆರಿಕದ ಎಡ್ವರ್ಡ್ ಚೇಂಬರ್ಲಿನ್ ಎಂಬ ವೈದ್ಯರು ಒಂದು ಉಪನ್ಯಾಸದಲ್ಲಿ, ತೆರೆಯ ಮಂದಬೆಳಕಿನಲ್ಲಿ ಕಣ್ಣಿನ ಶಕ್ತಿ ಎಷ್ಟು ಕುಗ್ಗುತ್ತದೆಂಬುದನ್ನು ಅಳತೆಗಳ ಸಮೇತ ತೋರಿಸಿ, ಬೆಳಕನ್ನು ವೃದ್ಧಿಪಡಿಸುವ ಸಾಧನವು ಬೇಕೇ ಬೇಕೆಂದು ವಾದಿಸಿದರು. ೧೯೪೮ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಜಾನ್ ಕೋಲ್ಟ್‌ಮನ್ ಅಂತಹ ನಳಿಗೆಯೊಂದನ್ನು ಪ್ರಕಟಿಸಿದರು. ನಾವು ಇದನ್ನು ಬಿಂಬವರ್ಧಕ ಎಂದು ಕರೆಯಬಹುದು.

ಬಿಂಬವರ್ಧಕದ ಕ್ರಮ ಹೀಗೆ. ದೇಹವನ್ನು ದಾಟಿ ಬಂದ ಕ್ಷ-ಕಿರಣವು ಮೊದಲು ಅಗಲವಾದ ಬೆಳಗುವ ಪದರವೊಂದಕ್ಕೆ ತಾಗುತ್ತದೆ. ಪದರದ ಬೆಳಕು ಅದಕ್ಕೆ ಅಂಟಿದ ಇನ್ನೊಂದು ಪದರವನ್ನು ಪ್ರಚೋದಿಸಿ ಎಲೆಕ್ಟ್ರಾನುಗಳನ್ನು ಹೊರಡಿಸುತ್ತದೆ. ಬೆಳಕು ಹೆಚ್ಚಾದ ಕಡೆ ಹೆಚ್ಚು, ಕಡಮೆಯಾದ ಕಡೆ ಕಡಮೆ. ಸುಮಾರು ೨೫,೦೦೦ ವೋಲ್ಟುಗಳ ಒತ್ತಡವು ಈ ಎಲೆಕ್ಟ್ರಾನುಗಳನ್ನು ಸೆಳೆದು ವೇಗವನ್ನು ಕೊಟ್ಟು, ಇನ್ನೊಂದು ತುದಿಯ ಸಣ್ಣ ತೆರೆಯ ಮೇಲೆ ಕೇಂದ್ರೀಕರಿಸುತ್ತದೆ. ಇದರಿಂದ ಎರಡು ಬಗೆಯ ಲಾಭವುಂಟು. ಒಂಬತ್ತು ಅಂಗುಲ ವ್ಯಾಸದ ಬಿಂಬವನ್ನು ಒಂದು ಅಂಗುಲಕ್ಕೆ ಕುಗ್ಗಿಸಿದರೆ, ಅದೇ ಬೆಳಕು ೮೧ರಲ್ಲಿ ಒಂದು ಪಾಲು ಜಾಗಕ್ಕೆ ಬಂದು ೮೧ ಮಡಿ ಪ್ರಕಾಶಿಸುತ್ತದೆ. ವೇಗವನ್ನು ಪಡೆದ ಎಲೆಕ್ಟ್ರಾನುಗಳು ಬೆಳಕನ್ನು ಸುಮಾರು ೫೦ ಮಡಿಯಾಗಿಸುತ್ತವೆಯೆಂದು ಇಟ್ಟುಕೊಂಡರೆ, ಎರಡೂ ಸೇರಿ ನಾಲ್ಕು ಸಾವಿರ ಮಡಿಯಾಯಿತು. ಕತ್ತಲೆಯ ಕೋಣೆ ಹೋಯಿತು. ಕೆಂಪು ಕನ್ನಡಕ ಹೋಯಿತು. ಬೆಳದಿಂಗಳಿನ ಕಣ್ಣನ್ನು ಬಿಟ್ಟು ಹಗಲಿನ ಕಣ್ಣಿನಿಂದ ನೋಡಲು ಸಾಧ್ಯವಾಯಿತು. ಮುಂದೆ ಟೆಲಿವಿಷನ್ ಕ್ಯಾಮೆರಾವನ್ನು ಸೇರಿಸಿದ ಮೇಲೆ ಅನೇಕರು ಒಟ್ಟಿಗೆ ನೋಡಲೂ ಅನುಕೂಲವಾಯಿತು.

ಇಪ್ಪತ್ತೊಂದನೆಯ ಶತಮಾನದ ಆದಿಯಿಂದ ಬಿಂಬವರ್ಧಕದ ಸ್ಥಾನಕ್ಕೆ ಚಪ್ಪಟೆ ಫಲಕವು ಬರುತ್ತಿದೆ. ಇದರಲ್ಲಿ ಸೀಸಿಯಂ ಅಯೊಡೈಡಿನ ಸೂಜಿಯಂತಹ ಹರಳುಗಳು ಒತ್ತೊತ್ತಾಗಿ ನಿಂತಿವೆ. ಹುಟ್ಟಿದ ಬೆಳಕು ಅಡ್ಡಡ್ಡ ಹರಡದೆ ಹರಳಿನುದ್ದಕ್ಕೂ ಇಳಿಯುವುದರಿಂದ ಬಿಂಬದ ಅಂಚು ಕದಡುವುದಿಲ್ಲ. ಕೆಳಗೆ ಸಿಲಿಕಾನಿನ ಪದರದಲ್ಲಿ, ಒಂದೊಂದೂ ಮಿಲಿಮೀಟರಿನ ಐದರಲ್ಲೊಂದು ಭಾಗದಷ್ಟೋ ಅದಕ್ಕೂ ಕಿರಿದೋ ಆದ ಲಕ್ಷಾಂತರ ಚೌಕಗಳಿದ್ದು, ಪ್ರತಿಯೊಂದು ಚೌಕವೂ ತನ್ನ ಪಾಲಿಗೆ ಬಂದ ಬೆಳಕನ್ನು ವಿದ್ಯುತ್ತಾಗಿ ಲೆಕ್ಕಹಾಕಿ ಗಣಕಯಂತ್ರಕ್ಕೆ ಒಪ್ಪಿಸುತ್ತದೆ.

ಬೆಳಕನ್ನು ಇಷ್ಟು ಸುಲಭವಾಗಿ ಹೆಚ್ಚಿಸಬಹುದಾದರೆ ಕಿರಣವನ್ನು ಬಹುತೇಕ ಇಲ್ಲವೆನ್ನುವಷ್ಟು ತಗ್ಗಿಸಬಾರದೇಕೆ? ಇದಕ್ಕೆ ಉತ್ತರ ಪ್ರಕೃತಿಯಲ್ಲಿಯೇ ಇದೆ. ಕ್ಷ-ಕಿರಣವು ಬಿಡಿಬಿಡಿಯಾದ ಕಣಗಳಾಗಿ ಬರುತ್ತದೆ. ಅಂಗಳದಲ್ಲಿ ಒಂದು ತಟ್ಟೆಯನ್ನಿಟ್ಟು, ಹತ್ತು ಹನಿ ಮಳೆ ಬಿದ್ದ ಮೇಲೆ ತೆಗೆದರೆ ನೆಲದ ಮೇಲೆ ತಟ್ಟೆಯ ಆಕಾರ ಕಾಣುವುದಿಲ್ಲ. ಸಾವಿರ ಹನಿ ಬಿದ್ದ ಮೇಲೆ ತೆಗೆದರೆ ಒಣಗಿದ ಜಾಗ ದುಂಡಗೆ ಕಾಣುತ್ತದೆ. ಹನಿಗಳು ಕಡಮೆಯಾದರೆ ಯಾವ ಭೂತಗನ್ನಡಿಯಿಂದ ನೋಡಿದರೂ ಪ್ರಯೋಜನವಿಲ್ಲ. ಅಂತೆಯೇ ಕಿರಣವನ್ನು ಅತಿಯಾಗಿ ತಗ್ಗಿಸಿದರೆ ಬಿಂಬವು ಮರಳನ್ನು ಚೆಲ್ಲಿದಂತೆ ತರಿತರಿಯಾಗುತ್ತದೆ; ಸಣ್ಣ ತಂತಿ ಅದರಲ್ಲಿ ಕಳೆದುಹೋಗುತ್ತದೆ. ಆದಕಾರಣ ಜಾಣ್ಮೆಯಿರುವುದು ಬೇಕಾದಷ್ಟನ್ನು ಮಾತ್ರ, ಬೇಕಾದ ಕಡೆಗೆ ಮಾತ್ರ, ಬೇಕಾದ ಹೊತ್ತಿನಲ್ಲಿ ಮಾತ್ರ ಬಿಡುವುದರಲ್ಲಿ. ಯಂತ್ರದ ಉಳಿದ ಅಂಗಗಳೆಲ್ಲ ಇದಕ್ಕಾಗಿಯೇ ಇವೆ.

ನಳಿಗೆಯ ಬಾಯಲ್ಲಿ ಅಲ್ಯೂಮಿನಿಯಂ, ತಾಮ್ರಗಳ ತೆಳುವಾದ ಹಾಳೆಗಳಿರುತ್ತವೆ. ದುರ್ಬಲವಾದ ಕಿರಣಗಳು ಚರ್ಮದಲ್ಲಿಯೇ ಇಂಗಿ ಹಾನಿಮಾಡುತ್ತವೆಯೇ ಹೊರತು ತೆರೆಯನ್ನು ಮುಟ್ಟುವುದಿಲ್ಲ. ಈ ಹಾಳೆಗಳು ಅವುಗಳನ್ನು ಮೊದಲೇ ಸೋಸಿಬಿಡುತ್ತವೆ. ಅದರ ಮುಂದೆ ಸೀಸದ ಕವಾಟಗಳುಂಟು. ನೋಡಬೇಕಾದ ಭಾಗದಷ್ಟೇ ಅಗಲಕ್ಕೆ ಅವು ಕಿರಣವನ್ನು ಕಿರಿದುಗೊಳಿಸುತ್ತವೆ. ಕಿರಣವು ಹೊರಡುವುದು ವೈದ್ಯನು ಕಾಲಿನಿಂದ ತುಳಿಯುವ ಮೆಟ್ಟನ್ನು ಒತ್ತಿದಾಗ ಮಾತ್ರ. ಕಾಲೆತ್ತಿದರೆ ನಿಲ್ಲುತ್ತದೆ, ಆದರೆ ಕೊನೆಯ ಬಿಂಬವು ತೆರೆಯ ಮೇಲೆ ಹಾಗೆಯೇ ಉಳಿದು ಆಲೋಚನೆಗೆ ಅವಕಾಶ ಕೊಡುತ್ತದೆ. ಕಿರಣವನ್ನು ಎಡೆಬಿಡದೆ ಹರಿಸುವ ಬದಲು ಸೆಕೆಂಡಿಗೆ ೧೫ ಅಥವಾ ೭.೫ ಮಿಡಿತಗಳಾಗಿ ಬಿಡುವ ಪದ್ಧತಿ ಇನ್ನೊಂದು. ಸಿನಿಮಾದಲ್ಲಿಯಂತೆ ಕಣ್ಣು ನಡುವಿನ ಬಿಡುವನ್ನು ತಾನೇ ತುಂಬಿಕೊಳ್ಳುತ್ತದೆ. ಐದು ನಿಮಿಷ ಕಿರಣವನ್ನು ಬಳಸಿದೊಡನೆ ಕೂಗಿ ಎಚ್ಚರಿಸುವ ಗಡಿಯಾರವೂ ಉಂಟು.

ಇವುಗಳಲ್ಲಿ ಒಂದು ಅಂಗವನ್ನು ಸ್ವಲ್ಪ ಹೆಚ್ಚು ಗಮನಿಸಬೇಕು. ಬಿಂಬದ ಪ್ರಕಾಶವು ಸದಾ ಒಂದೇ ಸಮನಾಗಿರುವಂತೆ ಯಂತ್ರವು ತಾನೇ ನೋಡಿಕೊಳ್ಳುತ್ತದೆ. ದೇಹ ದಪ್ಪವಾಗಿದ್ದರೆ, ಅಥವಾ ವೈದ್ಯನು ಬಿಂಬವನ್ನು ಹಿಗ್ಗಿಸಿ ನೋಡಿದರೆ, ಅದು ಕೇಳದೆಯೇ ಕಿರಣವನ್ನು ಏರಿಸುತ್ತದೆ. ತೆರೆಯ ಮೇಲೆ ಯಾವ ವ್ಯತ್ಯಾಸವೂ ತೋರದು. ಆದರೆ ರೋಗಿಯ ಚರ್ಮಕ್ಕೆ ಹಲವು ಮಡಿ ಹೆಚ್ಚು ಬೀಳುತ್ತಿರಬಹುದು. ಇಲ್ಲಿ ಮತ್ತೆ ತೊಗಲುಗೊಂಬೆಯನ್ನು ನೆನೆಯೋಣ. ಗೊಂಬೆಯನ್ನು ತೆರೆಗೆ ಒತ್ತಿ ಹಿಡಿದರೆ ನೆರಳು ಖಚಿತವಾಗಿರುತ್ತದೆ. ದೀಪದ ಕಡೆಗೆ ಸರಿಸಿದರೆ ನೆರಳು ಹಿಗ್ಗಿ ಮಸಕಾಗುತ್ತದೆ, ಗೊಂಬೆಗೂ ಶಾಖ ತಗಲುತ್ತದೆ. ಅಂತೆಯೇ ಫಲಕವು ದೇಹಕ್ಕೆ ಆದಷ್ಟು ಹತ್ತಿರ, ನಳಿಗೆಯು ಆದಷ್ಟು ದೂರ ಇರಬೇಕು. ದೂರವು ಇಮ್ಮಡಿಯಾದರೆ ಕಿರಣದ ತೀವ್ರತೆ ನಾಲ್ಕರಲ್ಲೊಂದಾಗುತ್ತದೆ. ಈ ಎರಡು ನಿಯಮಗಳನ್ನು ಪಾಲಿಸಲು ಹೆಚ್ಚಿನ ಹಣವೇನೂ ಬೇಡ.

ಇಷ್ಟೆಲ್ಲ ಎಚ್ಚರ ಈಗ ಹಿಂದೆಂದಿಗಿಂತಲೂ ಅಗತ್ಯವಾಗಿದೆ. ಏಕೆಂದರೆ ಯಂತ್ರದ ಕೆಲಸವೇ ಬದಲಾಗಿದೆ. ಮೊದಲು ಅದು ರೋಗವನ್ನು ಕಾಣುವ ಸಾಧನವಾಗಿತ್ತು. ಈಗ ಚಿಕಿತ್ಸೆಮಾಡುವ ಕೈಗೆ ದಾರಿ ತೋರಿಸುವ ದೀಪವಾಗಿದೆ. ೧೯೨೯ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ಅವರು ತಮ್ಮ ತೋಳಿನ ರಕ್ತನಾಳದ ಮೂಲಕ ಸಣ್ಣ ನಳಿಗೆಯೊಂದನ್ನು ತಾವೇ ಹೃದಯದವರೆಗೆ ತೂರಿಸಿಕೊಂಡರು. ಕನ್ನಡಿಯಲ್ಲಿ ಫ್ಲೂರೊಸ್ಕೋಪಿನ ತೆರೆಯನ್ನು ನೋಡುತ್ತ ಅದನ್ನು ಮುಂದಕ್ಕೆ ನೂಕಿದರು. ಅಂದು ನಿಂದೆಗೆ ಗುರಿಯಾದ ಆ ಕಾರ್ಯಕ್ಕೆ ೧೯೫೬ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ೧೯೭೭ರಲ್ಲಿ ಜೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಎಚ್ಚರವಾಗಿದ್ದ ರೋಗಿಯ ಹೃದಯದ ರಕ್ತನಾಳವನ್ನು ಪುಟ್ಟ ಬುಗ್ಗೆಯಿಂದ ಹಿಗ್ಗಿಸಿದರು. ಇಂದು ಬೆಂಗಳೂರು, ಮೈಸೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳಲ್ಲಿ ಅದು ದಿನನಿತ್ಯದ ಕೆಲಸ. ಎದೆಯನ್ನು ಸೀಳಬೇಕಾಗಿದ್ದವರು ಒಂದೆರಡು ದಿನಗಳಲ್ಲಿ ಮನೆಗೆ ನಡೆದು ಹೋಗುವುದು ಸಾಮಾನ್ಯ ಉಪಕಾರವಲ್ಲ. ಆದರೆ ಕಠಿನವಾದ ನಾಳಗಳಲ್ಲಿ ಈ ಕೆಲಸಕ್ಕೆ ಗಂಟೆಯ ಹೊತ್ತು ಕಿರಣವನ್ನು ಬಳಸಬೇಕಾಗಬಹುದು.

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ದೇಹಕ್ಕೆ ತಗಲಿದ ಕಿರಣವನ್ನು ಗ್ರೇ ಎಂಬ ಮಾನದಿಂದ ಅಳೆಯುತ್ತಾರೆ. ಎದೆಯ ಒಂದು ಎಕ್ಸ್-ರೇ ಚಿತ್ರಕ್ಕೆ ಚರ್ಮವು ಪಡೆಯುವುದು ಸುಮಾರು ೦.೧ರಿಂದ ೦.೨ ಮಿಲಿಗ್ರೇ. ಫ್ಲೂರೊಸ್ಕೋಪಿನಲ್ಲಿ ನಿಮಿಷಕ್ಕೆ ೨೦ ಮಿಲಿಗ್ರೇ ಬೀಳುವುದು ಅಸಾಧಾರಣವೇನಲ್ಲ. ಎಂದರೆ ಒಂದು ನಿಮಿಷದ ನೋಟವು ನೂರಕ್ಕೂ ಹೆಚ್ಚು ಚಿತ್ರಗಳಿಗೆ ಸಮ. ಚರ್ಮವು ಕೆಂಪೇರುವುದು ಸುಮಾರು ೨ ಗ್ರೇ, ಎಂದರೆ ೨,೦೦೦ ಮಿಲಿಗ್ರೇಯಿಂದ ಮೊದಲಾಗುತ್ತದೆ. ಒಂದೇ ಜಾಗಕ್ಕೆ ಈ ಗತಿಯಲ್ಲಿ ಬಿದ್ದರೆ ನೂರು ನಿಮಿಷ ಬೇಕು. ಸ್ಥೂಲದೇಹಿಯಲ್ಲಿ ಗತಿಯು ಮೂರು ಮಡಿಯಾದರೆ ಅರ್ಧ ಗಂಟೆ ಮೀರಿದ ಸ್ವಲ್ಪ ಹೊತ್ತಿಗೇ ಆ ಮಿತಿ ಬಂದುಬಿಡುತ್ತದೆ. ಇಂತಹ ಗಾಯಗಳ ವರದಿಗಳು ಬಂದುದರಿಂದಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೧೯೯೪ರಲ್ಲಿ ವೈದ್ಯರಿಗೆ ಎಚ್ಚರಿಕೆಯ ಪ್ರಕಟಣೆಯನ್ನು ಹೊರಡಿಸಿತು. ಗಾಯವು ಅಂದೇ ಕಾಣುವುದಿಲ್ಲ. ದಿನಗಳೋ ವಾರಗಳೋ ಕಳೆದ ಮೇಲೆ ಮೂಡುತ್ತದೆ. ನಳಿಗೆಯು ಸಾಧಾರಣವಾಗಿ ಮೇಜಿನ ಕೆಳಗಿರುವುದರಿಂದ ಅದು ಬೆನ್ನಿನ ಮೇಲೆ ಬರುತ್ತದೆ. ರೋಗಿಯಾಗಲಿ ಮನೆಯವರಾಗಲಿ ಹೃದಯದ ಚಿಕಿತ್ಸೆಗೂ ಬೆನ್ನಿನ ಹುಣ್ಣಿಗೂ ಸಂಬಂಧವನ್ನು ಊಹಿಸುವುದಿಲ್ಲ.

ರೋಗಿಯಾದರೂ ಒಮ್ಮೆ ಎರಡು ಸಲ ಒಳಗಾಗುವವನು. ವೈದ್ಯರೂ ದಾದಿಯರೂ ತಂತ್ರಜ್ಞರೂ ದಿನವೂ ಅಲ್ಲಿರುವವರು. ಅವರಿಗೆ ತಗಲುವುದು ರೋಗಿಯ ದೇಹದಿಂದ ಚದರಿ ಬರುವ ಕಿರಣ. ಒಂದು ಮೀಟರ್ ದೂರದಲ್ಲಿ ಅದು ರೋಗಿಯ ಚರ್ಮಕ್ಕೆ ಬಿದ್ದುದರ ಸುಮಾರು ಸಾವಿರದಲ್ಲೊಂದು ಪಾಲು. ಅರ್ಧ ಮಿಲಿಮೀಟರ್ ಸೀಸಕ್ಕೆ ಸಮನಾದ ಮೇಲುಡುಪು ಅದರಲ್ಲಿಯೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ತಡೆಯುತ್ತದೆ. ಕಣ್ಣಿನ ಮಸೂರವು ಹಿಂದೆ ತಿಳಿದುದಕ್ಕಿಂತ ಕೋಮಲವೆಂದು ಕಂಡುಬಂದುದರಿಂದ, ಅಂತರರಾಷ್ಟ್ರೀಯ ಕಿರಣರಕ್ಷಣಾ ಆಯೋಗವು ೧೯೮೦ರಿಂದ ವರ್ಷಕ್ಕೆ ೧೫೦ ಮಿಲಿಸೀವರ್ಟ್ ಇದ್ದ ಅದರ ಮಿತಿಯನ್ನು ೨೦೧೧ರಲ್ಲಿ ಸರಾಸರಿ ೨೦ಕ್ಕೆ ಇಳಿಸಿತು. ನಮ್ಮ ದೇಶದಲ್ಲಿ ಇದರ ಮೇಲ್ವಿಚಾರಣೆ ೧೯೮೩ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಯದು. ಯಂತ್ರವನ್ನು ನಡೆಸಲು ಅದರ ಪರವಾನಗಿ ಬೇಕು. ಕೆಲಸಗಾರರು ಕಿರಣವನ್ನು ಅಳೆಯುವ ಬಿಲ್ಲೆಯನ್ನು ಧರಿಸಿರಬೇಕು. ಬಿಲ್ಲೆಯನ್ನು ಮೇಜಿನ ಸಂದೂಕದಲ್ಲಿಟ್ಟು ಒಳಗೆ ಹೋಗುವವನು ಮಂಡಳಿಯನ್ನು ವಂಚಿಸಿದಂತಲ್ಲ, ತನ್ನನ್ನೇ ವಂಚಿಸಿಕೊಂಡಂತೆ.

ಹೀಗಿರುವಲ್ಲಿ ಸಾಮಾನ್ಯ ಜನರು ಮಾಡಬೇಕಾದುದೇನು? ಹೆದರಿ ಚಿಕಿತ್ಸೆಯನ್ನು ತಪ್ಪಿಸಿಕೊಳ್ಳುವುದು ಬುದ್ಧಿವಂತಿಕೆಯಲ್ಲ. ಮುಚ್ಚಿಹೋದ ಹೃದಯನಾಳದ ಅಪಾಯದ ಮುಂದೆ ಕಿರಣದ ಅಪಾಯ ಅತ್ಯಲ್ಪ. ಆದರೆ ಗರ್ಭಿಣಿಯರು, ಗರ್ಭದ ಸಂದೇಹವುಳ್ಳವರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಹಿಂದೆ ಇಂತಹ ಚಿಕಿತ್ಸೆಯಾಗಿದ್ದರೆ ಅದರ ಕಾಗದಪತ್ರಗಳನ್ನು ಕೊಂಡೊಯ್ಯಬೇಕು. ಬಹಳ ಹೊತ್ತು ನಡೆದ ಚಿಕಿತ್ಸೆಯ ನಂತರ ಎಷ್ಟು ಕಿರಣ ತಗಲಿತೆಂದು ಕೇಳಿ ಬರೆಯಿಸಿಕೊಳ್ಳಬಹುದು; ಈಗಿನ ಯಂತ್ರಗಳು ಅದನ್ನು ತ���ವೇ ಲೆಕ್ಕವಿಡುತ್ತವೆ. ಮುಂದಿನ ಕೆಲವು ವಾರಗಳಲ್ಲಿ ಮನೆಯವರು ಬೆನ್ನನ್ನು ಒಮ್ಮೆ ನೋಡುವುದು ಒಳ್ಳೆಯದು. ಕೆಂಪು ಕಲೆ ಕಂಡರೆ ಚರ್ಮದ ವೈದ್ಯರಿಗೆ ಹಿಂದಿನ ಚಿಕಿತ್ಸೆಯ ಸಂಗತಿಯನ್ನು ಹೇಳಲು ಮರೆಯಬಾರದು.

ಕ್ಲಾರೆನ್ಸ್ ಡಾಲಿಯವರಿಗೆ ತಾವು ತೆರುತ್ತಿದ್ದ ಬೆಲೆ ಎಷ್ಟೆಂದು ತಿಳಿದಿರಲಿಲ್ಲ. ತೆರೆಯ ಮುಂದೆ ನಿಂತ ಕ್ಷಯರೋಗಿ ತರುಣಿಯರಿಗೂ ತಿಳಿದಿರಲಿಲ್ಲ. ನಮಗೆ ತಿಳಿದಿದೆ, ಅಳೆಯುವ ಸಾಧನವೂ ಇದೆ, ತಗ್ಗಿಸುವ ಉಪಾಯಗಳೂ ಇವೆ. ಅವನ್ನು ಬಳಸುವ ಹೊಣೆ ಮಾತ್ರ ಯಂತ್ರದ್ದಲ್ಲ, ಮೆಟ್ಟಿನ ಮೇಲೆ ಕಾಲಿಟ್ಟವನದು. ಕೇಳಿ ತಿಳಿದುಕೊಳ್ಳುವ ಹಕ್ಕು ಮೇಜಿನ ಮೇಲೆ ಮಲಗಿದವನದು.